ಪ್ಲಗ್ಗನ್ನು ಗೋಡೆಗೆ ಚುಚ್ಚಿದವರು ಯಾರು?

"ಸತ್ತೇ ಹೋಯ್ತೇನೋ, ಲುತ್ಫಿ?"

ಉಮ್ಮ್ ಇಹಾಬ್ ನನ್ನ ಅಂಗಡಿಯ ಮೇಜಿಗೆ ಎರಡೂ ಕೈ ಊರಿಕೊಂಡು ಕೇಳಿದರು. ಮೇಜಿನ ಮೇಲೆ ಅವರ ಮೈಕ್ರೋವೇವ್ ಓವನ್ ಕೂತಿತ್ತು. ಅದರ ಮೈಮೇಲಿದ್ದ ಕ್ರೋಶಾ ಹೊದಿಕೆಯನ್ನು ನಾನು ತೆಗೆಯಲು ಹೋದರೆ ಬಿಡಲಿಲ್ಲ. ತಾವೇ ತೆಗೆದು, ನಾಲ್ಕು ಮಡಿಕೆ ಮಾಡಿ, ಕೈಚೀಲಕ್ಕೆ ಹಾಕಿಕೊಂಡರು.

"ನೋಡೋಣ ತಡೀರಿ ಅತ್ತಿಗೆ. ಏನಾಯ್ತು?"

"ಏನೂ ಆಗ್ಲಿಲ್ಲ. ಬೆಳಗ್ಗೆ ಇಹಾಬ್ ನಂಗೆ ಹಾಲು ಬಿಸಿ ಮಾಡೋಕೆ ಹೋದ. ಟಪ್ ಅಂತು, ಆರಿಹೋಯ್ತು. ಹಳೇದಲ್ವಾ, ಅದಕ್ಕೇ. ಅವನು ಬಂದು ಕೇಳಿದ್ರೆ ಹಾಗೇ ಹೇಳು, ಹಳೇದಾಗಿತ್ತು ಹೋಯ್ತು ಅಂತ. ತನ್ನ ಕೈಯಿಂದಲೇ ಕೆಟ್ಟಿತು ಅಂತ ಬೆಳಗಿಂದ ಮುಖ ಸಣ್ಣದು ಮಾಡ್ಕೊಂಡು ಕೂತಿದಾನೆ."

ಇಹಾಬ್ ಎಂದರೆ ಅವರ ಒಬ್ಬನೇ ಮಗ. ಮೀಸೆ ಚಿಗುರಿದ ವಯಸ್ಸಿನಲ್ಲಿ ಕಳ್ಳದೋಣಿ ಹತ್ತಿ ಇಟಲಿ ಕಡೆಗೆ ಹೋದವನು, ಒಂದು ಫೋನೂ ಇಲ್ಲದೆ ಮಾಯವಾದ. ಊರವರೆಲ್ಲ ಅವನನ್ನು ಮರೆತರೂ ಇವರನ್ನು ಉಮ್ಮ್ ಇಹಾಬ್, ಅಂದರೆ ಇಹಾಬನ ತಾಯಿ, ಎಂದೇ ಕರೆಯುವುದನ್ನು ಬಿಡಲಿಲ್ಲ. ಈ ಸಲದ ರಂಜಾನ್ ಹಬ್ಬ ಮುಗಿದ ಮೇಲೆ ಒಬ್ಬಾತ ಬಂದು ಬಾಗಿಲು ತಟ್ಟಿ "ಅಮ್ಮಾ" ಎಂದ. ಅವನು ನಿಜವಾಗಿ ಇಹಾಬನೇನಾ ಎಂದು ಅಂದಿನಿಂದ ಗುಟ್ಟಾಗಿ ಪತ್ತೆ ಮಾಡುತ್ತಿರುವ ಮುದಿ ರಿಪೇರಿಯವನು ನಾನು. ನಾನು ಒಡ್ಡಿದ ಪ್ರಶ್ನೆಗಳಲ್ಲೆಲ್ಲ ಅವನು ಪಾಸಾಗಿದ್ದಾನೆ. ಶಾಲೆಯ ಮೇಷ್ಟರ ಹೆಸರು ಹೇಳಿದ. ಮನೆಯ ಕುಂಟು ಬೆಕ್ಕಿನ ಹೆಸರನ್ನೂ ಹೇಳಿದ.

ಇವತ್ತು ಗುರುವಾರ. ಶನಿವಾರ ಉಮ್ಮ್ ಇಹಾಬ್ ಮನೆಯನ್ನು ಅವನ ಹೆಸರಿಗೆ ಬರೆದುಕೊಡುತ್ತಾರೆ.

"ಸಂಜೆಯೊಳಗೆ ಆಗುತ್ತಾ?" ಎಂದರು.

"ಜೀವ ಇದ್ರೆ ಆಗುತ್ತೆ."

"ಇರುತ್ತೆ, ಇರುತ್ತೆ. ಅವರ ಕೈಯಿಂದ ಬಂದಿದ್ದು ಅಷ್ಟು ಸುಲಭಕ್ಕೆ ಸಾಯಲ್ಲ." ಅವರು ಮೆಟ್ಟಿಲು ಹತ್ತಿ ಹೋದರು. ನನ್ನ ಅಂಗಡಿ ಇರುವುದು ಅವರ ಮನೆಯ ಕೆಳಗೇ. ಅವರ ಚಪ್ಪಲಿಯ ಸದ್ದು ಎರಡನೇ ಮಹಡಿ ಮುಟ್ಟುವ ತನಕ ನಾನು ಸ್ಕ್ರೂ ಡ್ರೈವರ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಅವರು ಎಂದದ್ದು ತೀರಿಹೋದ ಗಂಡ ಶುಕ್ರಿಯನ್ನು. ನನ್ನ ಗೆಳೆಯ ಶುಕ್ರಿ. ಸೌದಿಯ ತಾಯಿಫ್‌ನಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿ, ತಲೆ ಬೋಳಾದ ಮೇಲೆ ನಮ್ಮೂರು ಮನ್ಸೂರಾಕ್ಕೆ ಮರಳಿದ. ಹಡಗಿನಿಂದಿಳಿದು ಟ್ಯಾಕ್ಸಿಯಲ್ಲಿ ಬಂದ ದಿನ ನಮ್ಮ ಬೀದಿ ಮದುವೆ ಮನೆಯಂತಾಗಿತ್ತು. ಟ್ಯಾಕ್ಸಿಯ ತಲೆಯ ಮೇಲೆ ಕಂಬಳಿ, ಫ್ಯಾನು, ಟೇಪ್‌ರೆಕಾರ್ಡರು, ಅವೆಲ್ಲದರ ಮೇಲೆ ಹಗ್ಗದಿಂದ ಬಿಗಿದ ಈ ಓವನ್. ಬೀದಿಯಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಬೇಕರಿಯವನ ಹೆಂಡತಿ "ಇದು ಟೀವಿನಾ? ಚಿತ್ರ ಎಲ್ಲಿ ಬರುತ್ತೆ?" ಎಂದು ಕೇಳಿದ್ದಳು. ಶುಕ್ರಿ ಒಳಗಿನ ಬಲ್ಬು ಹತ್ತಿಸಿ, ಆಲೂಗಡ್ಡೆ ತಿರುಗುವುದನ್ನು ತೋರಿಸಿ, "ಇವತ್ತಿನ ಸಿನಿಮಾ ಇದೇ" ಎಂದಿದ್ದ.

ಎಲ್ಲರೂ ತಮ್ಮ ತಮ್ಮ ಮನೆಯಿಂದ ಏನಾದರೊಂದು ತಂದು ಬಿಸಿ ಮಾಡಿಸಿಕೊಂಡರು. ನಾನು ಒಯ್ದ ರೊಟ್ಟಿ ಚಪ್ಪಲಿಯ ಅಟ್ಟೆಯಂತಾಯಿತು. ಶುಕ್ರಿ ಅದನ್ನು ಜಗಿದು ಜಗಿದು, "ಭಾರಿ ರುಚಿ" ಎಂದ. ಅಂಥ ಸುಳ್ಳು ಹೇಳುವವರು ಈಗ ಯಾರಿದ್ದಾರೆ? ಅವನಿಲ್ಲದ ಬೀದಿಯಲ್ಲಿ ನನಗೆ ಈಗಲೂ ಸಂಜೆ ಕಳೆಯುವುದು ಕಷ್ಟ.

ಆದರೆ ಆ ಓವನ್‌ಗೆ ಒಂದು ರೋಗವಿತ್ತು. ಅದು ಅಲ್ಲಿನ ನೂರಹತ್ತು ವೋಲ್ಟಿನ ಕರೆಂಟು ಕುಡಿದು ಬೆಳೆದದ್ದು. ನಮ್ಮ ಗೋಡೆಯಲ್ಲಿರುವುದು ಇನ್ನೂರಿಪ್ಪತ್ತು. ನೇರವಾಗಿ ಚುಚ್ಚಿದರೆ ಮುಗಿಯಿತು ಕಥೆ. ಸೌದಿಯಿಂದ ಸಾಮಾನು ತಂದವರ ಮನೆಯಲ್ಲೆಲ್ಲ ಆಗ ಇದೇ ಗೋಳು. ಅದಕ್ಕೇ ನಾನು ತಾಮ್ರದ ತಂತಿ ಸುತ್ತಿ ಸುತ್ತಿ ಒಂದು ಟ್ರಾನ್ಸ್‌ಫಾರ್ಮರ್ ಮಾಡಿಕೊಟ್ಟೆ. ಅದು ಕರೆಂಟನ್ನು ಅರ್ಧಕ್ಕೆ ಇಳಿಸಿ ಓವನ್‌ಗೆ ಉಣಿಸುತ್ತಿತ್ತು.

ಓವನ್‌ನ ಪ್ಲಗ್ಗಿಗೆ ಚಪ್ಪಟೆ ಕಾಲು, ನಮ್ಮ ಗೋಡೆಯ ಸಾಕೆಟ್ಟಿಗೆ ದುಂಡನೆಯ ತೂತು. ಶುಕ್ರಿ ಪ್ಲಗ್ಗು ಬದಲಾಯಿಸು ಎಂದಾಗ ನಾನು ಒಪ್ಪಲಿಲ್ಲ. "ಹೀಗೇ ಇರ್ಲಿ. ಮನೇಲಿ ಹುಡುಗ ಇದಾನೆ. ಮರೆತು ಕೂಡ ಗೋಡೆಗೆ ಹೋಗಬಾರದು" ಎಂದೆ. ಟ್ರಾನ್ಸ್‌ಫಾರ್ಮರಿಗೂ ಉಮ್ಮ್ ಇಹಾಬ್ ಒಂದು ಕ್ರೋಶಾ ಅಂಗಿ ಹೆಣೆದು ತೊಡಿಸಿ, ಮೇಲೊಂದು ತುಳಸಿಯಂಥ ರೇಹಾನ್ ಗಿಡದ ಕುಂಡ ಇಟ್ಟರು. ನೋಡಿದವರು ಅದನ್ನು ಮಣೆ ಎಂದುಕೊಳ್ಳುತ್ತಿದ್ದರು. ಆ ತಂತಿ ಮುಟ್ಟಿದ ತಪ್ಪಿಗೆ ಇಹಾಬ್ ತಾಯಿಯ ಚಪ್ಪಲಿಯೇಟು ಎಷ್ಟು ಸಲ ತಿಂದಿದ್ದಾನೋ. ಆ ಮನೆಯಲ್ಲಿ ಹಲ್ಲುಜ್ಜಲು ಕಲಿಯುವ ಮೊದಲು ಕಲಿಯಬೇಕಾದ ಪಾಠ ಅದು.

ಈಗ ಕವಚ ಬಿಚ್ಚಿದೆ.

ಮೊದಲು ಮೂಗು, ಆಮೇಲೆ ಮೀಟರು ಎನ್ನುವುದು ನನ್ನ ಕ್ರಮ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಆದರೆ ಒಳಗಿನಿಂದಲ್ಲ. ಹಿಡಿಯಲ್ಲಿ ರಬ್ಬರಿದ್ದ ಉದ್ದನೆಯ ಸ್ಕ್ರೂ ಡ್ರೈವರಿನಿಂದ ದೊಡ್ಡ ಕೆಪಾಸಿಟರಿನ ಎರಡು ತುದಿಗಳನ್ನು ಕೂಡಿಸಿದೆ. ಚಟ್ ಎಂದು ನೀಲಿ ಕಿಡಿ ಹಾರಿತು. ಪ್ಲಗ್ಗು ಕಿತ್ತು ಎಷ್ಟೋ ಹೊತ್ತಾದರೂ ಅದು ಸಿಟ್ಟು ಹಿಡಿದಿಟ್ಟುಕೊಂಡಿರುತ್ತದೆ. ಇದನ್ನು ಮಾಡದೆ ಕೈ ಹಾಕಿದ ನನ್ನ ಗೆಳೆಯನೊಬ್ಬನನ್ನು ನಾವು ನಾಲ್ವರು ಹೊತ್ತುಕೊಂಡು ಹೋಗಿದ್ದೆವು.

ಫ್ಯೂಸ್ ತೆಗೆದೆ. ವಯಸ್ಸಾಗಿ ಸಾಯುವ ಫ್ಯೂಸು ಮರ್ಯಾದೆಯಿಂದ ಸಾಯುತ್ತದೆ. ಗಾಜು ತಿಳಿಯಾಗಿಯೇ ಇರುತ್ತದೆ, ಒಳಗಿನ ಎಳೆ ಮಾತ್ರ ತುಂಡಾಗಿರುತ್ತದೆ. ಇದರ ಗಾಜು ಒಳಗೆಲ್ಲ ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ಯಾರೋ ಒಮ್ಮೆಲೇ ಹೊಡೆದು ಹಾಕಿದ್ದಾರೆ.

ಬಲ್ಬು ನೋಡಿದೆ. ಅದೂ ಸುಟ್ಟು, ಗಾಜು ಮಂಜಾಗಿತ್ತು.

ಫ್ಯೂಸೊಂದೇ ಹೋಗಿದ್ದರೆ ಕಾರಣ ಹತ್ತಾರು. ಬಾಗಿಲಿನ ಸ್ವಿಚ್ಚೋ, ಕೆಪಾಸಿಟರೋ ಎಂದು ಒಂದೊಂದನ್ನೇ ಹಿಡಿದು ಕೇಳಬಹುದಿತ್ತು. ಕೇಳಿಯೂ ಕೇಳಿದೆ, ಮೀಟರು ಎಲ್ಲವೂ ಸರಿಯಿದೆ ಎಂದಿತು. ಫ್ಯೂಸೂ ಬಲ್ಬೂ ಒಟ್ಟಿಗೆ ಹೋಗಬೇಕಾದರೆ ಒಂದೇ ದಾರಿ. ಅಳತೆ ಮೀರಿದ ಕರೆಂಟು.

ಪ್ಲಗ್ಗನ್ನು ಬೆಳಕಿಗೆ ಹಿಡಿದೆ. ಚಪ್ಪಟೆ ಕಾಲುಗಳ ಬುಡದಲ್ಲಿ ಕರಗಿದ ಬಿಳಿ ಪ್ಲಾಸ್ಟಿಕ್ಕು ಅಂಟಿತ್ತು. ಅಡಾಪ್ಟರು! ಮೂಲೆಯ ಅಂಗಡಿಯಲ್ಲಿ ತೂಗುಹಾಕುತ್ತಾರಲ್ಲ, ಚಪ್ಪಟೆ ಕಾಲನ್ನು ದುಂಡಗೆ ಮಾಡುವ ಆ ಅಗ್ಗದ ಮಾಲು. ಅದನ್ನು ಸಿಕ್ಕಿಸಿ ಓವನ್ನನ್ನು ನೇರ ಗೋಡೆಗೆ ಚುಚ್ಚಿದ್ದಾರೆ.

ಆ ಮನೆಯಲ್ಲಿ ಬೆಳೆದವನು ನಿದ್ದೆಗಣ್ಣಿನಲ್ಲೂ ಈ ಕೆಲಸ ಮಾಡಲಾರ. ಸಿಕ್ಕಿಬಿದ್ದೆಯಲ್ಲ ಮಗನೇ ಎಂದುಕೊಂಡೆ. ಸಂತೋಷವಾಗಬೇಕಿತ್ತು. ಮೇಲಿನ ಮಹಡಿಯಿಂದ ಉಮ್ಮ್ ಇಹಾಬ್ ಯಾವುದೋ ಹಳೆಯ ಹಾಡು ಗುನುಗುವುದು ಕೇಳಿಸಿತು. ಎಷ್ಟು ವರ್ಷವಾಗಿತ್ತು ಅವರು ಗುನುಗಿ!

ಹೊಸ ಫ್ಯೂಸು ಹಾಕಿದೆ. ನೂರಹತ್ತರ ಬಲ್ಬು ಈಗ ಎಲ್ಲಿ ಸಿಗಬೇಕು? ನಮ್ಮೂರಿನ ಬಲ್ಬನ್ನೇ ಕೂರಿಸಿದೆ. ಮಂದವಾಗಿ ಉರಿಯುತ್ತದೆ, ಉರಿಯಲಿ. ಒಳಗಿನ ಪಕ್ಕದ ಗೋಡೆಯಲ್ಲಿ ಅಲೆ ಬರುವ ಕಿಂಡಿಗೆ ಮುಚ್ಚಿರುವ ಅಭ್ರಕದ ಹಾಳೆಗೆ ಏನಾದರೂ ಆಗಿದೆಯೇ ಎಂದು ಅದನ್ನೂ ಬಿಚ್ಚಿ ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

"ಲುತ್ಫಿ ಚಿಕ್ಕಪ್ಪ, ಬದುಕುತ್ತಾ ಅದು?"

ಅವನೇ. ಕೈಯಲ್ಲಿ ಎರಡು ಗ್ಲಾಸು ಪುದೀನ ಟೀ. ಒಂದನ್ನು ನನ್ನ ಮುಂದಿಟ್ಟ. ಸಕ್ಕರೆ ನನಗೆ ಬೇಕಾದಷ್ಟೇ ಇತ್ತು. ಇವನ ಮೇಲೆ ರೇಗುವುದಕ್ಕೂ ಇವನು ಬಿಡುವುದಿಲ್ಲ.

"ಕೂತ್ಕೋ. ಬೆಳಗ್ಗೆ ಏನೇನ್ ಮಾಡ್ದೆ, ಹೇಳು."

"ಅಮ್ಮಂಗೆ ಕಾಲುನೋವು, ಅಡುಗೆಮನೆವರೆಗೂ ಹೋಗೋದು ಕಷ್ಟ. ಅದಕ್ಕೆ ಓವನ್ನ ಅವರ ಮಂಚದ ಪಕ್ಕಕ್ಕೆ ತಂದಿಟ್ಟೆ. ಹಾಲಿಟ್ಟು ತಿರುಗಿಸ್ದೆ. ಟಪ್ ಅಂತು."

"ಎಲ್ಲಿಗೆ ಚುಚ್ಚಿದೆ?"

"ಗೋಡೆಗೆ. ಮತ್ತೆಲ್ಲಿಗೆ ಚುಚ್ತಾರೆ?"

"ಗೋಡೆಗೆ!" ನಾನು ಕಪ್ಪಾದ ಫ್ಯೂಸನ್ನು ಅವನ ಟೀ ಗ್ಲಾಸಿನ ಪಕ್ಕ ಇಟ್ಟೆ. "ಹಳೆ ಜಾಗದಲ್ಲಿ ಅದು ಎಲ್ಲಿಗೆ ಚುಚ್ಚಿತ್ತು?"

"ನೋಡ್ಲಿಲ್ಲ. ಮಣೆ ಹಿಂದೆ ಕೈ ಹಾಕಿ ಎಳ್ಕೊಂಡೆ."

"ಅದು ಮಣೆ ಅಲ್ಲಪ್ಪ. ಅದು ಟ್ರಾನ್ಸ್‌ಫಾರ್ಮರು. ಈ ಕೈಯಲ್ಲೇ ಸುತ್ತಿದ್ದು ನಾನು. ನಾನು ಸುತ್ತೋವಾಗ ಪಕ್ಕದಲ್ಲಿ ಕೂತು ತಂತಿ ಹಿಡ್ಕೊಂಡಿದ್ದು ಇಹಾಬ್. ಆ ಪ್ಲಗ್ಗು ಮುಟ್ಟಿದ್ದಕ್ಕೆ ಚಪ್ಪಲಿ ಸೇವೆ ಮಾಡಿಸ್ಕೊಂಡಿದ್ದೂ ಇಹಾಬೇ. ನೀನು ಯಾರು?"

ಅವನ ಮುಖದಿಂದ ಬಣ್ಣ ಇಳಿಯಿತು. ಟೀ ಗ್ಲಾಸನ್ನು ತುಟಿಗೆ ಒಯ್ದವನು ಹಾಗೆಯೇ ಕೆಳಗಿಟ್ಟ.

"ಬಹಳ ವರ್ಷ ಆಯ್ತಲ್ಲ ಚಿಕ್ಕಪ್ಪ. ಮರೆತಿರಬಹುದು."

"ಕುಂಟು ಬೆಕ್ಕಿನ ಹೆಸರು ನೆನಪಿದೆ, ಚಪ್ಪಲಿಯೇಟು ಮರೆತುಹೋಯ್ತಾ? ನಿನ್ನ ಬೆನ್ನಿಗೆ ನೆನಪಿಲ್ವಾ?"

ಅವನ ಕಣ್ಣು ಮೇಜಿನ ಮೇಲೆ ಬಿಚ್ಚಿಟ್ಟ ಅಭ್ರಕದ ಹಾಳೆಯ ಮೇಲೆ ನಿಂತಿತು. ಆಮೇಲೆ ಓವನ್ನಿನ ಒಳಗೆ, ಹಾಳೆ ಇದ್ದ ಜಾಗಕ್ಕೆ ಹೋಯಿತು. ಅಲ್ಲಿ ಬೆಸುಗೆಯ ಸಂದಿಯಲ್ಲಿ ಒಂದು ಮಸುಕಾದ ಕೆಂಪು ಕಲೆ ಇತ್ತು. ಅವನು ಬೆರಳಿನಿಂದ ಅದನ್ನು ಮುಟ್ಟಿದ.

"ಇದೇನಾ ಆ ಮೊಟ್ಟೆ?" ಎಂದ.

ನನ್ನ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಜಾರಿ ನೆಲಕ್ಕೆ ಬಿತ್ತು.

ಈ ಮೊಟ್ಟೆಯ ವಿಷಯ ಲೋಕದಲ್ಲಿ ಇಬ್ಬರಿಗೇ ಗೊತ್ತು. ಅದೊಂದು ಶಮ್ ಎನ್ನಸೀಮ್ ಎಂಬ ವಸಂತದ ಹಬ್ಬದ ದಿನ. ಊರಿಗೆ ಊರೇ ಉಪ್ಪುಮೀನು, ಹಸಿ ಈರುಳ್ಳಿ, ಬಣ್ಣದ ಮೊಟ್ಟೆ ಕಟ್ಟಿಕೊಂಡು ನೈಲ್ ದಂಡೆಯ ಹುಲ್ಲಿನ ಮೇಲೆ ಕೂತಿತ್ತು. ಇಹಾಬ್ ಮನೆಯಲ್ಲೇ ಉಳಿದಿದ್ದ. ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿ ಕೆಂಪು ಮಾಡಿದ್ದ ತನ್ನ ಪಾಲಿನ ಮೊಟ್ಟೆ ತಣ್ಣಗಾಗಿದೆ ಎಂದು ಓವನ್ನಿಗೆ ಇಟ್ಟ. ಬಾಂಬು ಬಿದ್ದಂತೆ ಸಿಡಿಯಿತು. ಅಭ್ರಕ ಹರಿದು ಸುಟ್ಟಿತು. ಅಳುತ್ತ ಓಡಿಬಂದವನ ಜೊತೆ ಹೋಗಿ, ಅವನ ತಾಯಿ ದಂಡೆಯಿಂದ ಮರಳುವುದರೊಳಗೆ ಹೊಸ ಹಾಳೆ ಕತ್ತರಿಸಿ ಕೂರಿಸಿದೆ. ಸಂದಿಗೆ ಇಳಿದ ಬಣ್ಣ ಮಾತ್ರ ಹೋಗಲಿಲ್ಲ. "ಅಮ್ಮಂಗೆ ಹೇಳಲ್ಲ ಅಂತ ಆಣೆ ಮಾಡಿ ಚಿಕ್ಕಪ್ಪ" ಎಂದು ನನ್ನ ಅಂಗಿ ಹಿಡಿದುಕೊಂಡಿದ್ದ. ನಾನು ಇವತ್ತಿಗೂ ಹೇಳಿಲ್ಲ.

"ಮೊಟ್ಟೆ ವಿಷಯ ಯಾರು ಹೇಳಿದ್ರು ನಿಂಗೆ?"

ಅವನು ಬಾಗಿಲ ಕಡೆ ನೋಡಿದ. ಬೀದಿ ಖಾಲಿ ಇತ್ತು.

"ನನ್ನ ಹೆಸರು ನಾದಿರ್, ಉಸ್ತಾ." ಚಿಕ್ಕಪ್ಪ ಎಂಬ ಮಾತು ಅಲ್ಲಿಗೆ ಬಿದ್ದುಹೋಗಿ, ಕೈಕೆಲಸದವರನ್ನು ಯಾರು ಬೇಕಾದರೂ ಕರೆಯುವ ಉಸ್ತಾ ಬಂತು. "ಇಟಲಿಯಲ್ಲಿ ಅವನೂ ನಾನೂ ಒಂದೇ ಕೋಣೇಲಿ ಮಲಗ್ತಿದ್ವಿ. ದಿನಾ ಈ ಮನೆ ಕಥೆನೇ ಹೇಳ್ತಿದ್ದ. ಮೆಟ್ಟಿಲು, ಬೆಕ್ಕು, ನಿಮ್ಮ ಬೈಗುಳ, ಅಮ್ಮ ಮಾಡೋ ಹಾಲನ್ನದ ಪಾಯಸ. ನಂಗೆ ತಾಯಿ ಇರ್ಲಿಲ್ಲ. ಕೇಳ್ತಾ ಕೇಳ್ತಾ ನಂದೇ ಮನೆ ಅನ್ನಿಸಿಬಿಡ್ತು. ಆದ್ರೆ ಈ ಮಣೆ ವಿಷಯ ಒಂದಿನಾನೂ ಹೇಳ್ಲಿಲ್ಲ ನೋಡಿ."

ಹೇಗೆ ಹೇಳುತ್ತಾನೆ? ದಿನವೂ ಮಾಡುವ ಕೆಲಸವನ್ನು ಯಾರೂ ಕಥೆ ಮಾಡಿ ಹೇಳುವುದಿಲ್ಲ. ಉಸಿರಾಡಿದ ಕಥೆ ಯಾರಾದರೂ ಹೇಳುತ್ತಾರೆಯೇ?

"ಇಹಾಬ್ ಎಲ್ಲಿ?" ಅವನ ಅಂಗಿಯ ಕುತ್ತಿಗೆಪಟ್ಟಿ ನನ್ನ ಮುಷ್ಟಿಯಲ್ಲಿತ್ತು. "ಹೇಳು, ನಮ್ಮ ಹುಡುಗ ಎಲ್ಲಿ?"

ಅವನು ಬಾಯಿ ತೆರೆದ.

"ಇಹಾಬ್!"

ಬಾಗಿಲಲ್ಲಿ ಉಮ್ಮ್ ಇಹಾಬ್ ನಿಂತಿದ್ದರು. ಯಾವಾಗ ಮೆಟ್ಟಿಲು ಇಳಿದರೋ, ಎಷ್ಟು ಕೇಳಿಸಿಕೊಂಡರೋ ಗೊತ್ತಾಗಲಿಲ್ಲ. ನನ್ನ ಮುಷ್ಟಿಯನ್ನು ನೋಡಿದರೂ ನೋಡದವರಂತೆ ಇದ್ದರು.

"ಒಲೆ ಮೇಲೆ ಮೊಲೋಖಿಯಾ ಸೊಪ್ಪಿನ ಸಾರು ಇಟ್ಟು ಬಂದಿದೀನಿ ಮಗಾ. ಉಕ್ಕಿದ್ರೆ ಕೆಡುತ್ತೆ. ಓಡು, ಉರಿ ಸಣ್ಣ ಮಾಡು."

ನಾನು ಕೈ ಬಿಟ್ಟೆ. ಅವನು ತಲೆ ತಗ್ಗಿಸಿಕೊಂಡು ಅವರ ಪಕ್ಕದಿಂದ ಹಾದು ಹೋದ. ಹೋಗುವಾಗ ಅವರು ಅವನ ಅಂಗಿಯ ಪಟ್ಟಿಯನ್ನು ಸರಿ ಮಾಡಿ ಕಳಿಸಿದರು.

"ಅತ್ತಿಗೆ, ಕೂತ್ಕೊಳ್ಳಿ. ನಾನು ಒಂದು ವಿಷಯ ಹೇಳ್ಬೇಕು. ಹೇಗೆ ಹೇಳೋದೋ ಗೊತ್ತಾಗ್ತಿಲ್ಲ."

"ಗೊತ್ತಾಗದಿದ್ರೆ ಹೇಳ್ಬೇಡ." ಅವರು ಕೈಚೀಲ ತೆರೆದು, ಮಡಿಸಿಟ್ಟ ಕ್ರೋಶಾ ಹೊದಿಕೆಯ ಅಡಿಯಿಂದ ಏನನ್ನೋ ತೆಗೆದು ನನ್ನ ಮೇಜಿನ ಮೇಲಿಟ್ಟರು.

ಬಿಳಿ ಅಡಾಪ್ಟರು. ಒಂದು ಬದಿ ಕರಗಿ ಸೊಟ್ಟಗಾಗಿತ್ತು.

"ಮೂಲೆ ಅಂಗಡಿಯಿಂದ ತಂದು ಮಂಚದ ಪಕ್ಕದ ಸಾಕೆಟ್‌ಗೆ ಹಾಕಿಟ್ಟಿದ್ದು ನಾನೇ" ಎಂದರು. "ಕಾಲುನೋವು ಅಂದಿದ್ದೂ ನಾನೇ. ಅವನು ಓವನ್ ಎತ್ಕೊಂಡು ಬಂದಾಗ ಮಂಚದ ಮೇಲೆ ಕೂತು ನೋಡ್ತಾ ಇದ್ದೆ. ಚುಚ್ಚೋಕೆ ಮುಂಚೆ ಒಂದು ಸಲ ನಿಲ್ತಾನೇನೋ, ಅಮ್ಮಾ ಇದನ್ನ ಗೋಡೆಗೆ ಹಾಕ್ಬಾರದಲ್ವಾ ಅಂತಾನೇನೋ ಅಂತ ಕಾದೆ. ನಿಲ್ಲಲಿಲ್ಲ ಲುತ್ಫಿ."

ನಾನು ಬೆಪ್ಪನಂತೆ ಕೂತೆ. ಪತ್ತೇದಾರಿಕೆ ಮಾಡುತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ!

"ಓವನ್ ಸುಟ್ಟುಹೋಗಿದ್ರೆ? ಶುಕ್ರಿ ತಂದಿದ್ದು ಅಲ್ವಾ ಅದು?"

"ನೀನಿದೀಯಲ್ಲ ಕೆಳಗೆ."

"ಸರಿ, ಈಗ ಗೊತ್ತಾಯ್ತಲ್ಲ. ಅವನನ್ನ ಕೇಳಿ, ಇಹಾಬ್ ಎಲ್ಲಿ ಅಂತ. ಅವನಿಗೆ ಗೊತ್ತು. ನಾನು ಈಗ್ಲೇ ಬಾಯಿ ಬಿಡಿಸ್ತೀನಿ."

"ಬೇಡ."

"ಯಾಕೆ?"

"ಕೇಳಿದ್ರೆ ಅವನು ಹೇಳಿಬಿಡ್ತಾನೆ."

ಬೀದಿಯಲ್ಲಿ ಗ್ಯಾಸ್ ಸಿಲಿಂಡರಿನವನು ಸ್ಪ್ಯಾನರಿನಿಂದ ಟಣ್ ಟಣ್ ಬಾರಿಸುತ್ತ ಹಾದುಹೋದ. ಶುಕ್ರಿ ಇದ್ದಿದ್ದರೆ ಏನಾದರೊಂದು ಸುಳ್ಳು ಹೇಳಿ ಅವರನ್ನು ನಗಿಸುತ್ತಿದ್ದ. ನನಗೆ ಆ ವಿದ್ಯೆ ಬಾರದು.

"ಇಷ್ಟು ವರ್ಷ ಬಾಗಿಲು ನೋಡಿದೆ" ಎಂದರು. "ಈಗ ಬೆಳಗ್ಗೆ ಎದ್ರೆ ಒಬ್ಬ ಅಮ್ಮಾ ಅಂತಾನೆ. ಕಾಲುನೋವು ಅಂದ್ರೆ ಓವನ್ನೇ ಹೊತ್ಕೊಂಡು ಬರ್ತಾನೆ. ಇಹಾಬ್ ಒಂದು ಲೋಟ ನೀರು ಕೊಟ್ಟವನಲ್ಲ, ನಿಂಗೇ ಗೊತ್ತು. ಶನಿವಾರ ಮನೆ ಇವನ ಹೆಸರಿಗೆ ಬರೆದುಕೊಡ್ತೀನಿ. ಸತ್ತವನಿಗಾಗಿ ಬೀಗ ಹಾಕಿಡೋದು ಸಾಕು."

"ಸತ್ತವನು ಅಂತ ಯಾರು ಹೇಳಿದ್ರು?"

"ತಾಯಿಗೆ ಬೇರೆಯವರು ಹೇಳ್ಬೇಕಾ? ಬದುಕಿದ್ರೆ ಇಷ್ಟು ವರ್ಷ ಒಂದು ಮಾತಾಡದೇ ಇರ್ತಿದ್ನಾ?" ಅವರು ಎದ್ದರು. "ನೀನು ಅವನನ್ನ ಇಹಾಬ್ ಎಲ್ಲಿ ಅಂತ ಕೇಳ್ಬಾರದು. ಶುಕ್ರಿ ಮೇಲೆ ಆಣೆ ಮಾಡು."

ಇನ್ಯಾರ ಮೇಲೆ ಎಂದಿದ್ದರೂ ತಪ್ಪಿಸಿಕೊಳ್ಳುತ್ತಿದ್ದೆ. ಆಣೆ ಮಾಡಿದೆ.

ಅಭ್ರಕದ ಹಾಳೆಯನ್ನು ಕೆಂಪು ಕಲೆಯ ಮೇಲೆ ಕೂರಿಸಿ ಕವಚ ಮುಚ್ಚಿದೆ. ನನ್ನ ಅಂಗಡಿಯ ಟ್ರಾನ್ಸ್‌ಫಾರ್ಮರಿಗೆ ಚುಚ್ಚಿ, ಒಂದು ಲೋಟ ನೀರಿಟ್ಟು ತಿರುಗಿಸಿದೆ. ಗುಂಯ್ ಎಂದಿತು. ಒಳಗೆ ಮಂದ ಬೆಳಕು ಹತ್ತಿತು. ಉಮ್ಮ್ ಇಹಾಬ್ ಬಗ್ಗಿ ಗಾಜಿನೊಳಗೆ ನೋಡುತ್ತ, "ಇವತ್ತಿನ ಸಿನಿಮಾ ಇದೇ" ಎಂದು ಶುಕ್ರಿಯ ದನಿಯಲ್ಲೇ ಅಂದು ನಕ್ಕರು. ನಾನೂ ನಕ್ಕೆ. ಆಮೇಲೆ ಇಬ್ಬರೂ ಕಣ್ಣೊರೆಸಿಕೊಂಡೆವು.

ಎದುರು ಮನೆಯ ಹಮಾಲನನ್ನು ಕರೆದು ಓವನ್ನನ್ನು ಅವರ ಜೊತೆ ಮೇಲಕ್ಕೆ ಕಳಿಸಿದೆ. ಒಳಗಿನ ಗಾಜಿನ ತಟ್ಟೆಯನ್ನು ತೊಳೆದು ಒಣಗಲಿಟ್ಟದ್ದು ಮೇಜಿನ ಮೇಲೆಯೇ ಉಳಿದುಬಿಟ್ಟಿತು.

ಅದನ್ನು ಒಯ್ಯಲು ನಾದಿರ್ ಬಂದ.

ನಾನು ತಟ್ಟೆಯನ್ನು ಅವನ ಕೈಗೆ ಕೊಟ್ಟು, ಬೇರೆ ಕಡೆ ನೋಡಿದೆ. ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿದೆ. ಶುಕ್ರಿಯ ಆಣೆ. ಅವನು ಹೊರಟು, ಬಾಗಿಲ ಹೊರಗೆ ಬಾಲ್ಕನಿಯ ಕೆಳಗೆ ನಿಂತ. ಬಾಗಿಲಿಗೆ ಬಂದ ನನ್ನ ಕಡೆ ತಿರುಗಿ ಮೆಲ್ಲಗೆ ಮಾತಾಡಿದ.

"ನೀವು ಕೇಳ್ತಿಲ್ಲ ಉಸ್ತಾ. ಅಮ್ಮಾನೂ ಕೇಳ್ತಿಲ್ಲ. ನಂಗೆ ಎದೆ ಒಡೆದು ಹೋಗ್ತಿದೆ. ಆ ಮೊಟ್ಟೆ ಕಥೆ ಅವನು ಹೇಳಿದ್ದು ಇಟಲೀಲಿ ಅಲ್ಲ."

"ಮತ್ತೆ?" ಅದೊಂದು ಮಾತು ಆಣೆಗೆ ಸಿಗದೆ ಜಾರಿಹೋಯಿತು.

"ದುಮ್ಯಾತ್‌ನಲ್ಲಿ. ಈ ಸಲ ರಂಜಾನ್ ಹಬ್ಬ ಮುಗಿದ ಮೇಲೆ, ನಾನು ಇಲ್ಲಿಗೆ ಹೊರಡೋ ಹಿಂದಿನ ಸಂಜೆ. ಅಲ್ಲೇ ಒಂದು ಮರಗೆಲಸದ ಅಂಗಡೀಲಿ ಕುರ್ಚಿ ಕೆತ್ತುತ್ತಾನೆ. ನೀನು ಹೋಗು, ನನ್ನ ಬದಲು ನೀನೇ ಅಮ್ಮನ ಮಗನಾಗು ಅಂತ ಕಳಿಸಿದ್ದೂ ಅವನೇ."

ದುಮ್ಯಾತ್! ಇಲ್ಲಿಂದ ಮೈಕ್ರೋಬಸ್ ಹತ್ತಿದರೆ ಟೀ ಕುಡಿದ ಬಾಯಿ ಒಣಗುವುದರೊಳಗೆ ತಲುಪುವ ಊರು. ಅಲ್ಲಿ ಉಸಿರಾಡಿಕೊಂಡಿದ್ದಾನೆ ನಮ್ಮ ಹುಡುಗ. ಇಲ್ಲಿ ಅವನ ತಾಯಿ ಅವನನ್ನು ಈಗ ತಾನೇ ನನ್ನ ಅಂಗಡಿಯಲ್ಲಿ ಕೂತು ಸಾಯಿಸಿ ಹೋದರು.

"ಅವನಿಗೆ ಏನಾಗಿದೆ? ಯಾಕೆ ಬರಲ್ಲ?" ನನ್ನ ದನಿ ನನಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ನಮ್ಮಿಬ್ಬರ ನಡುವೆ ಮೇಲಿನಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು. ಬಾಲ್ಕನಿಯಿಂದ ಉಮ್ಮ್ ಇಹಾಬ್ ಬಗ್ಗಿ ನೋಡುತ್ತಿದ್ದರು.

"ಇಹಾಬ್! ತಟ್ಟೆ ಬುಟ್ಟಿಗೆ ಹಾಕು, ಮೆಟ್ಟಿಲಲ್ಲಿ ಬೀಳಿಸ್ತೀಯ. ನೀನು ಬೇಗ ಬಾ, ಊಟ ಆರಿಹೋಗುತ್ತೆ!"

ನಾದಿರ್ ನನ್ನ ಮುಖ ನೋಡಿದ. ತಟ್ಟೆಯನ್ನು ಬುಟ್ಟಿಯಲ್ಲಿಟ್ಟ.

"ಬಂದೆ ಅಮ್ಮಾ" ಎಂದು ಮೇಲೆ ನೋಡಿ ಕೂಗಿದ.